ಸಿಸಿಎನ್‌ಎ: ಮೊದಲು ಪರೀಕ್ಷೆಯ ದುಡ್ಡು, ಆಮೇಲೆ ತರಗತಿಯ ದುಡ್ಡು

ಸಿಸ್ಕೊ ಕಂಪನಿ ನಡೆಸುವ, ನೆಟ್‌ವರ್ಕಿಂಗ್ ಪ್ರಮಾಣಪತ್ರದ ಸಿಸಿಎನ್‌ಎ ಪರೀಕ್ಷೆಯ ಪಠ್ಯ 2024ರ ಆಗಸ್ಟ್ 20ರಿಂದ ಬದಲಾಗಿದೆ. ‘ಹೊಸ ಸಿಲೆಬಸ್ ಬಂದಿದೆ, ಹಳೆಯದು ನಡೆಯಲ್ಲ’ ಎಂಬ ಒಂದೇ ಮಾತು ಸಾಕು, ಡಿಪ್ಲೊಮಾ ಅಥವಾ ಬಿಸಿಎ ಮುಗಿಸಿದ ಮಕ್ಕಳಿರುವ ಮನೆಯಲ್ಲಿ ಗಾಬರಿ ಹುಟ್ಟುತ್ತದೆ. ಮಲೆನಾಡಿನ ಮಾಸ್ತಿಕಟ್ಟೆಯಂಥ ಕಡೆ ಈ ಗಾಬರಿಗೆ ತೆರಬೇಕಾದ ಬೆಲೆ ಹೆಚ್ಚು. ವಾರಾಹಿ ಜಲವಿದ್ಯುತ್ ಯೋಜನೆಯಿಂದ ಬೆಳೆದ ಊರಿದು. ಆದರೆ ನೆಟ್‌ವರ್ಕಿಂಗ್ ಓದಿದವರಿಗೆ ಕೆಲಸ ಸಿಗುವುದು ಬೆಂಗಳೂರಿನಲ್ಲಿ. ಇಲ್ಲಿಯ ಮನೆಗಳ ಆದಾಯ ತಿಂಗಳ ಸಂಬಳದ ಹಾಗೆ ಬರುವುದಿಲ್ಲ. ಅಡಿಕೆ ಕೊಯ್ದು, ಬೇಯಿಸಿ, ಒಣಗಿಸಿ, ಮಂಡಿಗೆ ಹಾಕಿದ ಮೇಲೆಯೇ ಕೈಗೆ ದುಡ್ಡು. ಕೊಳೆರೋಗಕ್ಕೆ ಬೋರ್ಡೋ ಹೊಡೆಸುವ ಖರ್ಚಿನ ಜೊತೆಗೆ ಈಚಿನ ವರ್ಷಗಳಲ್ಲಿ ಎಲೆಚುಕ್ಕಿಯ ಕಾಟವೂ ಸೇರಿದೆ. ಇಂಥ ಮನೆಯಿಂದ ಚಿನ್ನ ಅಡವಿಟ್ಟು ಬೆಂಗಳೂರಿನ ತರಬೇತಿಗೆ ಹಣ ಹೊರಡುವ ಮುಂಚೆ, ಬದಲಾಗಿರುವುದು ಎಷ್ಟು ಎಂದು ನೋಡಬೇಕು ಎಂಬುದು ನನ್ನ ವಾದ.

ಸಿಸ್ಕೊ ತನ್ನ ಪರೀಕ್ಷೆಯ ವಿಷಯಪಟ್ಟಿಯನ್ನು ಎಲ್ಲರಿಗೂ ಪುಕ್ಕಟೆಯಾಗಿ ಕೊಡುತ್ತದೆ. ಅದನ್ನು ಮುಂದಿಟ್ಟುಕೊಂಡು ನೋಡಿ. 2020ರ ಫೆಬ್ರುವರಿ 24ರಂದು ಆದದ್ದು ನಿಜವಾಗಿಯೂ ದೊಡ್ಡ ಬದಲಾವಣೆ. ಅದಕ್ಕೆ ಮುಂಚೆ ರೂಟಿಂಗ್, ಸೆಕ್ಯುರಿಟಿ, ವೈರ್‌ಲೆಸ್ ಎಂದು ಬೇರೆ ಬೇರೆ ಸಿಸಿಎನ್‌ಎಗಳಿದ್ದವು, ಎರಡು ಭಾಗ ಮಾಡಿ ಬರೆಯುವ ಅವಕಾಶವೂ ಇತ್ತು. ಅವೆಲ್ಲ ಹೋಗಿ 200-301 ಎಂಬ ಒಂದೇ ಪರೀಕ್ಷೆ ಉಳಿಯಿತು. ಆಗ ಹೊಸ ತರಗತಿ, ಹೊಸ ಪುಸ್ತಕ ಬೇಕು ಅಂದಿದ್ದರೆ ಅದರಲ್ಲಿ ನ್ಯಾಯವಿತ್ತು. 2024ರಲ್ಲಿ ಪರೀಕ್ಷೆಯ ಸಂಖ್ಯೆ ಅದೇ ಉಳಿದಿದೆ, ಆವೃತ್ತಿ ಮಾತ್ರ 1.0 ಇದ್ದದ್ದು 1.1 ಆಗಿದೆ. ಕಾನ್ಫಿಗರೇಷನ್ ಟೂಲ್‌ಗಳಲ್ಲಿ ಪಪೆಟ್, ಶೆಫ್ ಹೋಗಿ ಟೆರಾಫಾರ್ಮ್ ಬಂತು. ಜಾಲ ನಿರ್ವಹಣೆಯಲ್ಲಿ ಎಐ ಮತ್ತು ಮಷೀನ್ ಲರ್ನಿಂಗ್ ಏನು ಮಾಡುತ್ತವೆ ಎಂಬ ವಿವರಣೆ ಸೇರಿತು. ಕ್ಲೌಡ್‌ನಿಂದ ಉಪಕರಣ ನಡೆಸುವ ಬಗೆ, ಸ್ಪ್ಯಾನಿಂಗ್ ಟ್ರೀಯಲ್ಲಿ ರೂಟ್ ಗಾರ್ಡ್, ಲೂಪ್ ಗಾರ್ಡ್‌ನಂಥ ಕೆಲವು ಸಂಗತಿಗಳು ಸೇರಿದವು. ಮುಖ್ಯವಾದದ್ದು ಇಷ್ಟೇ. ಟೆರಾಫಾರ್ಮ್, ಎಐ ಬರುವ ಆಟೊಮೇಷನ್ ಭಾಗಕ್ಕೆ ಪರೀಕ್ಷೆಯಲ್ಲಿರುವ ತೂಕ ಶೇ 10. ನೆಟ್‌ವರ್ಕ್‌ನ ಮೂಲಪಾಠಕ್ಕೆ 20, ನೆಟ್‌ವರ್ಕ್ ಆಕ್ಸೆಸ್‌ಗೆ 20, ಐಪಿ ಕನೆಕ್ಟಿವಿಟಿಗೆ 25. ಅಂದರೆ ಶೇ 65ರಷ್ಟು ಪರೀಕ್ಷೆ ನಿಂತಿರುವುದು ಹಳೆಯ ಬುನಾದಿಯ ಮೇಲೆಯೇ.

ಆ ಬುನಾದಿ ಎಂಥದ್ದು ಎಂಬುದಕ್ಕೆ ಒಂದು ಲೆಕ್ಕ. 192.168.10.0 ಎಂಬ ಜಾಲವಿದೆ, ಕಚೇರಿಯ ನಾಲ್ಕು ವಿಭಾಗಗಳಿಗೆ ತಲಾ 50 ಕಂಪ್ಯೂಟರ್‌ಗಳಿಗೆ ವಿಳಾಸ ಬೇಕು. ಸಬ್‌ನೆಟ್ ಮಾಸ್ಕ್ ಸ್ಲ್ಯಾಷ್ 26 ಹಾಕಿದರೆ ಒಂದೊಂದು ತುಂಡಿನಲ್ಲಿ 64 ವಿಳಾಸ. ಮೊದಲನೆಯದು ಜಾಲದ ಹೆಸರಿಗೆ, ಕೊನೆಯದು ಬ್ರಾಡ್‌ಕಾಸ್ಟ್‌ಗೆ ಹೋಗಿ ಬಳಕೆಗೆ 62 ಉಳಿಯುತ್ತವೆ. ತುಂಡುಗಳು 0, 64, 128, 192ರಿಂದ ಶುರುವಾಗುತ್ತವೆ. ಈ ಲೆಕ್ಕವನ್ನು ಪೆನ್ನಿಲ್ಲದೆ, ಗಡಿಬಿಡಿಯಿಲ್ಲದೆ ಮಾಡಬಲ್ಲವರಿಗೆ 120 ನಿಮಿಷದ ಪರೀಕ್ಷೆಯಲ್ಲಿ ಸಮಯ ಉಳಿಯುತ್ತದೆ. ಮಾಡಲಾಗದವರಿಗೆ ಟೆರಾಫಾರ್ಮ್ ಎಷ್ಟು ಓದಿದರೂ ಪ್ರಯೋಜನವಿಲ್ಲ. ಇದನ್ನು ಕಲಿಯಲು ಬೇಕಾದದ್ದು ದಿನವೂ ಅಭ್ಯಾಸ, ಒಂದು ನೋಟ್‌ಬುಕ್, ಮತ್ತು ಹೆಸರು ನೋಂದಾಯಿಸಿದರೆ ಪುಕ್ಕಟೆ ಸಿಗುವ ಪ್ಯಾಕೆಟ್ ಟ್ರೇಸರ್. ವೆಂಡೆಲ್ ಓಡಮ್ ಬರೆದ ಅಧಿಕೃತ ಪುಸ್ತಕದ ಎರಡನೇ ಆವೃತ್ತಿ 2024ರಲ್ಲಿ ಬಂದಿದೆ. ಸೀನಿಯರ್‌ಗಳ ಹತ್ತಿರ ಹಳೆಯ ಸಂಪುಟಗಳಿದ್ದರೆ ಅವನ್ನೇ ಓದಿ, ಹೊಸ ವಿಷಯಗಳನ್ನು ಮಾತ್ರ ಬೇರೆ ಕಡೆಯಿಂದ ತುಂಬಿಕೊಂಡರೆ ಸಾಕು.

ಹಾಗಾದರೆ ದುಡ್ಡು ಎಲ್ಲಿಗೆ ಹೋಗಬೇಕು? ಪರೀಕ್ಷೆಯ ಶುಲ್ಕಕ್ಕೆ. ಅದು 300 ಡಾಲರ್, ತೆರಿಗೆ ಬೇರೆ. ಡಾಲರಿಗೆ 85 ರೂಪಾಯಿ ಹಿಡಿದರೂ 25,500. ಶೇ 18 ತೆರಿಗೆ ಸೇರಿದರೆ 30 ಸಾವಿರ ದಾಟುತ್ತದೆ. ಫೇಲಾದರೆ ಮತ್ತೆ ಪೂರ್ತಿ ಶುಲ್ಕ. ಪ್ರಮಾಣಪತ್ರಕ್ಕೆ ಇರುವ ಆಯುಷ್ಯ ಮೂರೇ ವರ್ಷ, ಅಂದರೆ ತಿಂಗಳಿಗೆ ಸುಮಾರು 830 ರೂಪಾಯಿ. ಈ ಲೆಕ್ಕವನ್ನು ಬಹಳ ಮನೆಗಳು ಹಾಕುವುದಿಲ್ಲ. ಎರಡನೇ ವರ್ಷದ ಡಿಗ್ರಿಯಲ್ಲೇ ಪಾಸು ಮಾಡಿಟ್ಟುಕೊಂಡರೆ, ಕೆಲಸಕ್ಕೆ ಅರ್ಜಿ ಹಾಕುವ ಹೊತ್ತಿಗೆ ಆಯುಷ್ಯದ ದೊಡ್ಡ ಪಾಲು ಕರಗಿರುತ್ತದೆ. ಓದು ಬೇಗ ಶುರುವಾಗಲಿ, ಪರೀಕ್ಷೆಯ ದಿನಾಂಕ ಮಾತ್ರ ಅರ್ಜಿ ಹಾಕುವ ತಿಂಗಳಿಗೆ ಹತ್ತಿರವಿರಲಿ. ಕೆಲಸ ಸಿಕ್ಕಿದ ಮೇಲೆ ಮುಂದುವರಿಕೆ ಶಿಕ್ಷಣದ 30 ಕ್ರೆಡಿಟ್ ಗಳಿಸಿದರೂ ನವೀಕರಣವಾಗುತ್ತದೆ. ಅಷ್ಟರಲ್ಲಿ ಕೈಯಲ್ಲಿ ಸ್ವಂತ ಸಂಬಳವಿರುತ್ತದೆ.

‘ತರಗತಿ ಇಲ್ಲದೆ ಹಳ್ಳಿಯ ಹುಡುಗರು ಓದುವುದಿಲ್ಲ, ಕನ್ನಡ ಮಾಧ್ಯಮದವರಿಗೆ ಇಂಗ್ಲಿಷ್ ಪುಸ್ತಕ ಅರ್ಥವಾಗುವುದಿಲ್ಲ’ ಎಂಬ ಆಕ್ಷೇಪ ಇದ್ದೇ ಇದೆ. ಇದನ್ನು ನಾನು ತಳ್ಳಿಹಾಕುವುದಿಲ್ಲ. ಜೊತೆಯಲ್ಲಿ ಕೂತು ಕೇಳುವ ಗುರು ಇದ್ದರೆ ಕಲಿಕೆ ಬೇಗ ಆಗುತ್ತದೆ ಎಂಬುದು ನಿಜ. ಆದರೆ ತರಬೇತಿಯ ಪ್ಯಾಕೇಜಿನಲ್ಲಿ ಪರೀಕ್ಷೆಯ ಶುಲ್ಕ ಸೇರಿದೆಯೋ ಇಲ್ಲವೋ, ಲ್ಯಾಬಿನಲ್ಲಿ ಕೈಯಾರೆ ಎಷ್ಟು ಗಂಟೆ ಕೆಲಸ ಮಾಡಿಸುತ್ತಾರೆ ಎಂದು ಕೇಳದೆ ಹಣ ಕಟ್ಟುವುದನ್ನು ನಾನು ಒಪ್ಪುವುದಿಲ್ಲ. ತರಗತಿಗೆ ಎಲ್ಲ ಸುರಿದು, ಪರೀಕ್ಷೆಗೆ ಹಣವಿಲ್ಲದೆ ವರ್ಷ ತಳ್ಳಿದರೆ ಕಲಿತದ್ದೂ ಮರೆತುಹೋಗುತ್ತದೆ. ಇನ್ನು ಕಡಿಮೆ ಬೆಲೆಗೆ ‘ನಿಜವಾದ ಪ್ರಶ್ನೆ’ಗಳ ಡಂಪ್ ಕೊಡುತ್ತೇವೆ ಎನ್ನುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಡಂಪ್ ಬಳಸುವುದು ಪರೀಕ್ಷೆಯ ಒಪ್ಪಂದದ ಉಲ್ಲಂಘನೆ. ಗೊತ್ತಾದರೆ ಫಲಿತಾಂಶ ರದ್ದಾಗುತ್ತದೆ, ಕಟ್ಟಿದ ಶುಲ್ಕವೂ ಹೋಗುತ್ತದೆ. ಡಂಪ್ ಓದಿ ಗೆದ್ದರೂ ಸಂದರ್ಶನದಲ್ಲಿ ಮೇಲೆ ಹೇಳಿದ ಸ್ಲ್ಯಾಷ್ 26 ಲೆಕ್ಕ ಕೇಳಿದರೆ ಅಲ್ಲೇ ಮುಗಿಯಿತು.

‘ಎಐ ಬಂದ ಮೇಲೆ ಈ ಪ್ರಮಾಣಪತ್ರಕ್ಕೆ ಬೆಲೆ ಎಲ್ಲಿದೆ?’ ಎಂಬ ಪ್ರಶ್ನೆಗೆ ಪರೀಕ್ಷೆಯೇ ಉತ್ತರ ಕೊಟ್ಟಿದೆ: ಎಐಯನ್ನು ಪಠ್ಯದೊಳಗೆ ತಂದಿದೆ, ರೂಟಿಂಗನ್ನು ತೆಗೆದುಹಾಕಿಲ್ಲ. ಸಿಸಿಎನ್‌ಎ ಇದ್ದ ಮಾತ್ರಕ್ಕೆ ಕೆಲಸ ಸಿಕ್ಕೇಬಿಡುತ್ತದೆ ಎಂದೂ ನಾನು ಹೇಳುವುದಿಲ್ಲ. ಅದು ಅರ್ಜಿಯನ್ನು ಸಂದರ್ಶನದ ಬಾಗಿಲವರೆಗೆ ಒಯ್ಯುತ್ತದೆ, ಅಷ್ಟೆ. ಹಾಗಾಗಿ ಅದಕ್ಕೆಂದು ಮನೆಯವರು ಮಾಡುವ ಸಾಲವೂ ಮಿತಿಯೊಳಗಿರಬೇಕು.

ಕೊನೆಯದಾಗಿ ಈ ಸೀಮೆಗೇ ಸೇರಿದ ಒಂದು ಮಾತು. ಈ ಪರೀಕ್ಷೆಯನ್ನು ಮನೆಯಲ್ಲೇ ಕೂತು ಆನ್‌ಲೈನ್‌ನಲ್ಲಿ ಬರೆಯಬಹುದು. ಬೆಂಗಳೂರಿಗೆ ಹೋಗಿಬರುವ ಖರ್ಚು ಉಳಿಯಿತು ಅನ್ನಿಸುತ್ತದೆ. ಆದರೆ ಇಲ್ಲಿಯ ಹುಲಿಕಲ್ ಘಾಟಿಯ ಮಳೆಯಲ್ಲಿ ಮರ ಬಿದ್ದು ಕರೆಂಟು ಹೋದರೆ, ನೆಟ್ ಕಡಿದರೆ, 30 ಸಾವಿರದ ಪರೀಕ್ಷೆ ಅರ್ಧಕ್ಕೇ ನಿಲ್ಲುವ ಅಪಾಯವಿದೆ. ಬಸ್ ಚಾರ್ಜು ಅದಕ್ಕಿಂತ ಅಗ್ಗ. ಅಡಿಕೆ ದುಡ್ಡು ಕೈಗೆ ಬಂದಾಗ ಪರೀಕ್ಷೆಯ ಶುಲ್ಕವನ್ನು ಬೇರೆ ಖಾತೆಯಲ್ಲಿ ಎತ್ತಿಡಿ, ಮಳೆಗಾಲ ಬಿಟ್ಟು ದಿನಾಂಕ ಹಿಡಿಯಿರಿ, ಪರೀಕ್ಷಾ ಕೇಂದ್ರಕ್ಕೇ ಹೋಗಿ ಬರೆಯಿರಿ.