ಒಂದೇ ಮನೆಗೆ ನಾಲ್ವರೂ ಹೋಗಲಿ

ವೈದ್ಯಕೀಯ, ನರ್ಸಿಂಗ್, ಫಿಸಿಯೋಥೆರಪಿ, ಸಮಾಜಕಾರ್ಯ ವಿದ್ಯಾರ್ಥಿಗಳು ಬೇರೆ ಬೇರೆ ದಿನ ಒಂದೇ ಊರಿಗೆ ಬಂದು, ಬೇರೆ ಬೇರೆ ಫಾರಂ ತುಂಬಿಕೊಂಡು ಹೋಗುವುದರಿಂದ ಊರಿಗೇನೂ ದಕ್ಕುವುದಿಲ್ಲ. ಇವರು ಜೊತೆಯಾಗಿ, ಒಬ್ಬರಿಂದೊಬ್ಬರು ಕಲಿಯಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲೇ ಹೇಳಿದೆ. ಚಳ್ಳಕೆರೆ, ಮೊಳಕಾಲ್ಮುರು ತಾಲ್ಲೂಕುಗಳಲ್ಲಿ ಶಿಬಿರ ಹಾಕುವ ಅಧ್ಯಾಪಕರು ಹೀಗೆ ಮಾಡಬಹುದು.

ಒಂದೊಂದು ಕೋರ್ಸಿನಿಂದ ಒಬ್ಬೊಬ್ಬರಂತೆ ನಾಲ್ವರ ತಂಡ ಮಾಡಿ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರ ಒಪ್ಪಿಗೆ ಪಡೆದು, ತಂಡದ ಮುಂದಾಳತ್ವವನ್ನು ಆಶಾ ಕಾರ್ಯಕರ್ತೆಗೇ ಕೊಡಿ. ಊರಿನ ಪಾಠ ಹೇಳಲು ಅವರಿಗಿಂತ ಒಳ್ಳೆಯ ಗುರು ಸಿಗುವುದಿಲ್ಲ. ಅವರ ಸಮಯಕ್ಕೆ ಕಾಲೇಜು ಗೌರವಧನ ಕೊಡಬೇಕು.

ಮೊದಲ ಭೇಟಿ ರೇಷ್ಮೆ ಸೀರೆ ನೇಯುವವರ ಮನೆಗಿರಲಿ. ಸೊಂಟನೋವು ಎಂದವರನ್ನು ಚಾಪೆ ಮೇಲೆ ಮಲಗಿಸಿ ನೋಡಿದರೆ ಸಾಲದು. ಮಗ್ಗದ ಕೆಳಗಿನ ಗುಂಡಿಗೆ ಕಾಲಿಳಿಬಿಟ್ಟು ನೇಯುವಾಗ ಬೆನ್ನು ಎಷ್ಟು ಬಾಗುತ್ತದೆಂದು ಫಿಸಿಯೋಥೆರಪಿ ವಿದ್ಯಾರ್ಥಿ ಮಗ್ಗದ ಪಕ್ಕ ಕೂತು ನೋಡಲಿ. ಸೀರೆ ಮುಗಿದರಷ್ಟೇ ಕೂಲಿಯೇ ಎಂದು ಸಮಾಜಕಾರ್ಯದವರು ಕೇಳಲಿ. ಹೌದೆಂದಾದರೆ, "ಒಂದು ವಾರ ರೆಸ್ಟ್ ಮಾಡಿ" ಎಂಬ ಸಲಹೆ ಏಕೆ ನಡೆಯದೆಂದು ಭಾವಿ ಡಾಕ್ಟರಿಗೆ ಅಲ್ಲೇ ತಿಳಿಯುತ್ತದೆ.

ಹೆಚ್ಚು ಹೊತ್ತು ಬೇಕಾದದ್ದು ಬಾಣಂತಿಯ ಭೇಟಿಗೆ. ಆಸ್ಪತ್ರೆಯಲ್ಲಿ ಹೆರಿಗೆಯಾದರೆ ಆಶಾ 3, 7, 14, 21, 28, 42ನೇ ದಿನ ಬರುತ್ತಾರೆ; ಅವರ ಜೊತೆಗೇ ಹೋಗಿ. ಕೆಲವು ಕಾಡುಗೊಲ್ಲರ ಹಟ್ಟಿಗಳಲ್ಲಿ ಸೂತಕವೆಂದು ಬಾಣಂತಿ, ಮಗುವನ್ನು ಹಟ್ಟಿಯ ಹೊರಗಿನ ಗುಡಿಸಲಲ್ಲಿ ಇರಿಸುವುದುಂಟು. ನರ್ಸಿಂಗ್ ವಿದ್ಯಾರ್ಥಿನಿ ಮಗುವಿನ ತೂಕ, ಮೈಬಿಸಿ ನೋಡಲಿ. ತಾಯಿಗೆ ಜ್ವರ, ರಕ್ತಸ್ರಾವ ಇದೆಯೇ ಎಂದು ವೈದ್ಯಕೀಯ ವಿದ್ಯಾರ್ಥಿ ವಿಚಾರಿಸಲಿ. ಬಾಣಂತಿಯರಿಗೆ ಮಾತೃಪೂರ್ಣ ಯೋಜನೆಯ ಬಿಸಿಯೂಟ ಸಿಗುವುದು ಅಂಗನವಾಡಿಯಲ್ಲಿ. ಹೊರಗಿರುವ ತಾಯಿಗೆ ಅದನ್ನು ತಲುಪಿಸುವವರು ಯಾರು? ಇದನ್ನು ಅಂಗನವಾಡಿ ಕಾರ್ಯಕರ್ತೆಯ ಜೊತೆ ಕೂತೇ ಬಗೆಹರಿಸಬೇಕು. ಹಟ್ಟಿಯ ಅಜ್ಜಿಯರನ್ನು ಗದರಿಸಿದರೆ ಮುಂದಿನ ಸಲ ಆಶಾಗೂ ಬಾಗಿಲು ಮುಚ್ಚುತ್ತದೆ. ಅಜ್ಜಿಯರ ಮಾತನ್ನು ಪೂರ್ತಿ ಕೇಳಿಸಿಕೊಂಡು, ಮಗುವಿಗೆ ಥಂಡಿ ತಗುಲಿದರೆ ಏನಾಗುತ್ತದೆಂದು ಹೇಳಿ.

ಸಂಜೆ ಎಲ್ಲರೂ ಕೂತು ಒಂದೇ ಹಾಳೆ ಬರೆಯಲಿ. ತನಗೆ ಕಾಣದೆ ಜೊತೆಗಾರರಿಗೆ ಕಂಡದ್ದನ್ನೇ ಪ್ರತಿಯೊಬ್ಬರೂ ಮೊದಲು ಹೇಳಬೇಕು. ಆಗಬೇಕಾದ ಪ್ರತಿ ಕೆಲಸದ ಮುಂದೆ ಮಾಡುವವರ ಹೆಸರು, ದಿನಾಂಕ ಇರಲಿ. ಒಂದು ಪ್ರತಿ ಆರೋಗ್ಯ ಕೇಂದ್ರಕ್ಕೆ. ಅಂಕವನ್ನು ತಂಡಕ್ಕೇ ಕೊಡಿ, ಅದೂ ಅದೇ ಮನೆಗಳಿಗೆ ಎರಡನೇ ಭೇಟಿ ಮುಗಿಸಿ ಬಂದ ಮೇಲೆ.