ದೋಣಿಗೆ ಹಳದಿ ಬಟ್ಟೆ ಬೇಕೇ?

ಪ್ಲೈವುಡ್ ದೋಣಿ ಕಟ್ಟಬೇಕು, ಅದರ ಹೊದಿಕೆ ಕೆವ್ಲಾರ್‌ನದೇ ಆಗಬೇಕು ಎಂದು ಹಟ ಹಿಡಿದಿದ್ದೀಯಂತೆ, ನಿನ್ನಪ್ಪ ಹೇಳಿದ. ಗುಂಡು ತಡೆಯುವ ಅಂಗಿಗೆ ಹಾಕುವ ಬಟ್ಟೆ, ಬಂಡೆಗೆ ಬಡಿದರೂ ದೋಣಿಗೆ ಏನೂ ಆಗದು ಎಂಬ ಲೆಕ್ಕ ನಿನ್ನದು. ಅರ್ಧ ಸರಿ ಮಾರಾಯ, ಅರ್ಧ ಮಾತ್ರ.

1965ರಲ್ಲಿ ಡ್ಯುಪಾಂಟ್ ಕಂಪನಿಯಲ್ಲಿ ಸ್ಟೆಫನಿ ಕ್ವೋಲೆಕ್ ಕಂಡುಹಿಡಿದ, ಕೆವ್ಲಾರ್ ಎಂಬ ಈ ಅರಾಮಿಡ್ ನೂಲು ಎಳೆದರೆ ಜಪ್ಪಯ್ಯ ಅಂದರೂ ಹರಿಯದು. ತೂಕವೂ ಕಡಿಮೆ: ಗಾಜಿನ ನಾರು ನೀರಿಗಿಂತ ಸುಮಾರು ಎರಡೂವರೆ ಪಟ್ಟು ಭಾರ, ಇದು ಒಂದೂವರೆ ಪಟ್ಟೂ ಇಲ್ಲ. ಆದರೆ ಅದುಮಿದರೆ ಸೋಲುತ್ತದೆ. ರೆಸಿನ್ ಹಾಕಿ ಗಟ್ಟಿ ಮಾಡಿದ ಮೇಲೂ ಎಳೆತದಲ್ಲಿರುವ ಬಲದ ಕಾಲುಭಾಗವೂ ಒತ್ತಡದಲ್ಲಿ ಇಲ್ಲ. ತಳಕ್ಕೆ ಹೊರಗಿನಿಂದ ಕಲ್ಲು ಬಡಿದಾಗ ಏನಾಗುತ್ತದೆ ಹೇಳು? ಹೊರಮೈ ಅದುಮಿಕೊಳ್ಳುತ್ತದೆ, ಒಳಮೈ ಹಿಗ್ಗುತ್ತದೆ. ಹಾಗಾಗಿ ಅರಾಮಿಡ್‌ನ ಜಾಗ ಒಳಮೈ. ಹೊರಗೆ ಗಾಜಿನ ಬಟ್ಟೆಯೇ ಇರಲಿ.

ನಮ್ಮ ಅಳಿವೆಗಳಲ್ಲಿ ದೋಣಿ ಎಳೆಯುವುದು ಮರಳಿನ ಮೇಲೆ, ಚಿಪ್ಪು ಹತ್ತಿದ ಕಲ್ಲಿನ ಮೇಲೆ. ಅರಾಮಿಡ್ ಹೊರಗಿದ್ದರೆ ತರಚಿದ ಕಡೆಯೆಲ್ಲ ನಾರು ಜುಂಗುಜುಂಗಾಗಿ ಎದ್ದು ನಿಲ್ಲುತ್ತದೆ. ಸ್ಯಾಂಡ್‌ಪೇಪರ್ ಹಾಕಿ ಉಜ್ಜಿದಷ್ಟೂ ಇನ್ನಷ್ಟು ಏಳುತ್ತದೆ, ನಯವಾಗುವ ಮಾತೇ ಇಲ್ಲ. ಬಿಸಿಲೂ ಅದಕ್ಕೆ ಆಗದು. ಹಳದಿ ಕಂದಾಗುತ್ತಾ ಬಲವೂ ಕುಂದುತ್ತದೆ. ಗಾಜಿನದು ಸವೆದರೆ ಉಜ್ಜಿ, ಮೇಲೊಂದು ತುಂಡು ಅಂಟಿಸಿದರೆ ಮುಗಿಯಿತು.

ಕೈಗೆಲಸದಲ್ಲೂ ಗಾಜೇ ಸಾಧು. ರೆಸಿನ್ ಕುಡಿದೊಡನೆ ಅದು ಪಾರದರ್ಶಕವಾಗಿ ಕೆಳಗಿನ ಪ್ಲೈವುಡ್‌ನ ಗೆರೆಗಳೆಲ್ಲ ಕಾಣುತ್ತವೆ. ರೆಸಿನ್ ತಲುಪದ ಜಾಗ ಬೆಳ್ಳಗೆ ಉಳಿದು ಕಣ್ಣಿಗೆ ಹೊಡೆಯುತ್ತದೆ. ಅರಾಮಿಡ್ ನೆನೆದರೂ ಹಳದಿ, ನೆನೆಯದಿದ್ದರೂ ಹಳದಿ. ಹೊಸಬರು ಮೋಸಹೋಗುವುದು ಇಲ್ಲೇ. ಮನೆಯ ಕತ್ತರಿಗೂ ಅದು ಬಗ್ಗದು. ಎಳೆಗಳು ಎರಡು ಅಲಗಿನ ನಡುವೆ ಮಡಚಿಕೊಂಡು ಕೂರುತ್ತವೆ. ಸಣ್ಣ ಹಲ್ಲಿರುವ ಕತ್ತರಿಯೇ ಬೇಕು.

ಮೀನುಗಾರಿಕೆಯ ಫೈಬರ್ ದೋಣಿಗೆ ಮ್ಯಾಟ್, ಅಂದರೆ ನೇಯದೆ ಅಂಟಿಸಿದ ಗಾಜಿನ ಎಳೆಗಳ ಹಾಳೆ, ಹಾಕುವುದನ್ನು ನೋಡಿ ನೀನೂ ಅದನ್ನೇ ತರಬೇಡ. ಅಚ್ಚಿನಲ್ಲಿ ಪಾಲಿಯೆಸ್ಟರ್ ರೆಸಿನ್ ಬಳಿದು ಕಟ್ಟುವ ದೋಣಿಗೆ ಅದು ಸರಿ. ನೀನು ಪ್ಲೈವುಡ್ ಮೇಲೆ ಎಪಾಕ್ಸಿ ಬಳಿಯುವವನು. ಮ್ಯಾಟ್‌ನ ಎಳೆಗಳನ್ನು ಹಿಡಿದಿಟ್ಟ ಅಂಟು ಸಾಮಾನ್ಯವಾಗಿ ಪಾಲಿಯೆಸ್ಟರ್‌ನಲ್ಲಿರುವ ಸ್ಟೈರೀನ್‌ಗೆ ಕರಗುವಂಥದ್ದು, ಎಪಾಕ್ಸಿಯಲ್ಲಿ ಸ್ಟೈರೀನ್ ಇಲ್ಲ. ಮೇಲಾಗಿ ಮ್ಯಾಟ್ ತನ್ನ ತೂಕದ ಎರಡು ಪಟ್ಟಿಗೂ ಹೆಚ್ಚು ರೆಸಿನ್ ಕುಡಿಯುತ್ತದೆ. ನೇಯ್ದ ಬಟ್ಟೆಗೆ ಹೆಚ್ಚುಕಡಿಮೆ ತನ್ನಷ್ಟೇ ತೂಕದ್ದು ಸಾಕು. ಅರಾಮಿಡ್‌ಗಂತೂ ಪಾಲಿಯೆಸ್ಟರ್ ಸರಿಯಾಗಿ ಹಿಡಿಯುವುದೇ ಇಲ್ಲ. ಅಂಗಡಿಯವರು ಇದನ್ನೆಲ್ಲ ಹೇಳುತ್ತಾರೆ ಎಂದು ನಂಬಿ ಹೋಗಬೇಡ.

ಒಬ್ಬರು ಕೂತು ಹುಟ್ಟು ಹಾಕುವ ದೋಣಿಗೆ ಹೊರಗೆ ಚದರ ಮೀಟರಿಗೆ 200 ಗ್ರಾಂ ತೂಗುವ ಗಾಜಿನ ಬಟ್ಟೆ ಒಂದು ಪದರ, ತಳಕ್ಕೆ ಎರಡು. ಮೂತಿಯ ತಿರುವಿನಲ್ಲಿ ಬಟ್ಟೆಯನ್ನು ಓರೆಯಾಗಿ ಕತ್ತರಿಸಿ ಹಾಕು, ಸುಕ್ಕಿಲ್ಲದೆ ಕೂರುತ್ತದೆ. ಒಳಗೆ, ಕೂರುವ ಜಾಗದ ಕೆಳಗೆ, ಅಷ್ಟು ಆಸೆಯಿದ್ದರೆ 170 ಗ್ರಾಂನ ಅರಾಮಿಡ್ ಒಂದು ತುಂಡು. ಇಡೀ ದೋಣಿಗೆ ಬೇಡ, ಗಾಜಿಗಿಂತ ಹಲವು ಪಟ್ಟು ದುಬಾರಿ. ಉಳಿದ ದುಡ್ಡಿಗೆ ಒಳ್ಳೆಯ ಎಪಾಕ್ಸಿ, ಮಾಸ್ಕ್, ಕೈಗವಸು ತಾ. ಮೊದಲು ಒಂದಡಿ ಪ್ಲೈವುಡ್ ಚೂರಿನ ಮೇಲೆ ಎರಡೂ ಬಟ್ಟೆ ಅಂಟಿಸಿ, ಗಟ್ಟಿಯಾದ ಮೇಲೆ ತಂದು ತೋರಿಸು. ಬಟ್ಟೆಗೆ ಆರ್ಡರ್ ಆಮೇಲೆ ಕೊಡುವೆಯಂತೆ.