ಬೆಳ್ಳಕ್ಕಿ ಸುಣ್ಣದ ಉಂಡೆಯಾದದ್ದು ಏಕೆ?

ಪ್ರಶ್ನೆ: ಗದ್ದೆಯ ಬೆಳ್ಳಕ್ಕಿಗಳನ್ನು ಎಷ್ಟು ಸಲ ತೆಗೆದರೂ ಸುಣ್ಣದ ಉಂಡೆಯಂತೆ ಬರುತ್ತವೆ. ಗರಿಯ ಗೆರೆಯೇ ಕಾಣುವುದಿಲ್ಲ. ಸಾಲದು ಎಂಬಂತೆ ಅಂಗಡಿಯವರು ಇನ್ನೂ ದುಬಾರಿ ಕ್ಯಾಮೆರಾ ತೋರಿಸುತ್ತಿದ್ದಾರೆ. ಕೊಳ್ಳಲೇ?
– ನಿವೃತ್ತ ಬ್ಯಾಂಕ್ ನೌಕರ, ಸಾಗರ

ಉತ್ತರ: ದುಡ್ಡು ಜೇಬಿನಲ್ಲೇ ಇರಲಿ. ಬೆಳ್ಳಕ್ಕಿ ಬೆಳ್ಳಗಿರುತ್ತದೆ ಎನ್ನುವುದು ಕ್ಯಾಮೆರಾಕ್ಕೆ ಗೊತ್ತಿಲ್ಲ, ಅಷ್ಟೇ. ಅದರೊಳಗಿನ ಬೆಳಕಿನ ಮಾಪಕ ಎದುರಿಗಿರುವುದೆಲ್ಲ ಒಟ್ಟಾರೆ ನಡುಬೂದು ಎಂದು ನಂಬಿಕೊಂಡೇ ಲೆಕ್ಕ ಹಾಕುತ್ತದೆ. ನಿಮ್ಮ ಚಿತ್ರದ ಬಹುಪಾಲು ಕಡುಹಸಿರು ಪೈರು. ಅದನ್ನು ಕಂಡು ‘ಕತ್ತಲು ಜಾಸ್ತಿ’ ಎಂದು ಬೆಳಕು ಏರಿಸುತ್ತದೆ. ಪೈರೇನೋ ಚೆನ್ನಾಗಿ ಬರುತ್ತದೆ, ನಡುವಿನ ಪುಟ್ಟ ಹಕ್ಕಿ ಸುಟ್ಟುಹೋಗುತ್ತದೆ.

ಕ್ಯಾಮೆರಾದಲ್ಲಿ ಕೂಡು, ಕಳೆ ಚಿಹ್ನೆಯ ಒಂದು ಗುಂಡಿ ಇದೆ. ಎಕ್ಸ್‌ಪೋಷರ್ ಕಾಂಪೆನ್ಸೇಷನ್ ಅದರ ಹೆಸರು. ಬೆಳ್ಳಕ್ಕಿಗೆ ಅದನ್ನು ಕಳೆ 1ಕ್ಕೆ ಇಳಿಸಿ ಒಂದು ಚಿತ್ರ ತೆಗೆಯಿರಿ. ಇನ್ನೂ ಗರಿ ಕಾಣದಿದ್ದರೆ ಮತ್ತಷ್ಟು ಇಳಿಸಿ. ಕತ್ತಲಾಗಿ ಬಂದ ಪೈರನ್ನು ಆಮೇಲೆ ಕಂಪ್ಯೂಟರಿನಲ್ಲಿ ಮೇಲೆತ್ತಬಹುದು. ಸುಟ್ಟ ಬಿಳಿಯನ್ನು ಮಾತ್ರ ಯಾವ ತಂತ್ರಾಂಶವೂ ಮರಳಿ ತರಲಾರದು, ಏಕೆಂದರೆ ಅಲ್ಲಿ ದಾಖಲಾದದ್ದೇ ಏನೂ ಇಲ್ಲ. ಎಮ್ಮೆ ಚೌಕಟ್ಟು ತುಂಬಿದರೂ ಇದೇ ಕಥೆ: ಕಳೆಯದಿದ್ದರೆ ಕರಿ ಎಮ್ಮೆ ಬೂದಿ ಬಳಿದುಕೊಂಡಂತೆ ಬರುತ್ತದೆ. ಆದ್ದರಿಂದ ಎಮ್ಮೆಯ ಬೆನ್ನೇರಿದ ಬೆಳ್ಳಕ್ಕಿ ಸಿಕ್ಕರೆ ಯೋಚಿಸಬೇಡಿ, ಇಬ್ಬರಿಗೂ ಕಳೆ. ಮುಂಜಾನೆಯ ಮಂಜಿಗೆ ಮಾತ್ರ ಕೂಡಬೇಕು. ಇಲ್ಲವಾದರೆ ಮಂಜು ಹೊಗೆಯಂತೆ ಮಂಕಾಗುತ್ತದೆ.

ಇನ್ನೊಂದು ದಾರಿ ಇದಕ್ಕಿಂತ ಸುಲಭ. ನೆತ್ತಿಯ ಮೇಲೆ ಸೂರ್ಯ ಇದ್ದಾಗ ಮನೆಯಲ್ಲಿ ಊಟ ಮಾಡಿ ಮಲಗಿ, ಸಂಜೆ ಐದರ ಮೇಲೆ ಅದೇ ಗದ್ದೆಗೆ ಹೋಗಿ. ಓರೆ ಬಿಸಿಲು ಬಿದ್ದಾಗ ಪ್ರತಿ ಗರಿಗೂ ತನ್ನದೇ ನೆರಳು ಇರುತ್ತದೆ.

ಪ್ರಶ್ನೆ: ಹಿತ್ತಿಲ ದಾಸವಾಳದಲ್ಲಿ ಪಿಕಳಾರ ಗೂಡು ಕಟ್ಟಿ ಎರಡು ಮರಿ ಮಾಡಿದೆ. ಒಂದು ಎಲೆಗೊಂಚಲು ಅಡ್ಡ ಬರುತ್ತಿದೆ. ಅದನ್ನು ಕಡಿಯುವುದಿಲ್ಲ, ದಾರ ಕಟ್ಟಿ ಪಕ್ಕಕ್ಕೆಳೆದು ಫೋಟೋ ತೆಗೆದು ಬಿಟ್ಟುಬಿಡುತ್ತೇನೆ. ಆಗಬಹುದೇ?
– ಕಾಲೇಜು ವಿದ್ಯಾರ್ಥಿ, ಶಿವಮೊಗ್ಗ

ಉತ್ತರ: ಬೇಡ ಮಾರಾಯ. ಆ ಎಲೆಗೊಂಚಲು ಇದೆಯೆಂದೇ ಹಕ್ಕಿ ಆ ಕೊಂಬೆ ಆರಿಸಿಕೊಂಡದ್ದು. ಅದು ಮರಿಗಳ ಸೂರು. ಮೈಮೇಲೆ ಪುಕ್ಕವೇ ಬಾರದ ಮರಿಗೆ ನೇರ ಬಿಸಿಲು ಪ್ರಾಣಕ್ಕೇ ಕುತ್ತು. ಅದಕ್ಕಿಂತ ದೊಡ್ಡ ಅಪಾಯ ನೀವು ಅತ್ತ ಓಡಾಡುವುದು. ಬೇಲಿಯ ಮೇಲೆ ಕುಳಿತ ಕಾಗೆ ನಿಮ್ಮನ್ನು ಗಮನಿಸುತ್ತಿರುತ್ತದೆ. ಕೆಂಬೂತವೂ ಅಷ್ಟೇ. ನೀವು ದಾರ ಬಿಚ್ಚಿ ಒಳಗೆ ಹೋದ ಮೇಲೆ ಅವುಗಳ ಸರದಿ.

ಹೀಗೆ ಉಪದೇಶ ಮಾಡುವ ನಾನು ಸಾಚಾ ಅಲ್ಲ. ನಮ್ಮ ಕಾಲದಲ್ಲಿ ಉದ್ದದ ಲೆನ್ಸ್ ಕೊಳ್ಳುವ ಶಕ್ತಿ ಯಾರಿಗಿತ್ತು? ಹಕ್ಕಿ ಒಂದೇ ಜಾಗಕ್ಕೆ ಮತ್ತೆ ಮತ್ತೆ ಬರುವುದೆಂದರೆ ಗೂಡಿಗೆ. ಹಾಗಾಗಿ ಗೋಣಿತಾಟಿನ ಮರೆ ಕಟ್ಟಿಕೊಂಡು ಗೂಡಿನ ಮುಂದೆ ಕೂರುವುದೇ ಹಕ್ಕಿ ಛಾಯಾಗ್ರಹಣ ಅನ್ನಿಸಿಕೊಂಡಿತ್ತು. ಒಮ್ಮೆ ಸೂರಕ್ಕಿಯ ತೂಗುಗೂಡಿನ ಮುಂದಿದ್ದ ಎರಡೇ ಎರಡು ಎಲೆ ಕಿತ್ತೆ. ಚಿತ್ರ ಬಂತು. ಮರುದಿನ ಗೂಡು ಖಾಲಿ. ಕಾರಣ ನಾನೇ ಎಂದು ಸಾಬೀತು ಮಾಡಲಾರೆ, ಅಲ್ಲವೆಂದು ಹೇಳುವ ಧೈರ್ಯವೂ ಇಲ್ಲ. ಆ ನೆಗೆಟಿವ್ ಇವತ್ತಿಗೂ ಟ್ರಂಕಿನಲ್ಲಿದೆ, ಪ್ರಿಂಟ್ ಹಾಕಿಲ್ಲ.

ನಿಮಗೆ ಬೇಕಾದ ಚಿತ್ರ ಎರಡು ವಾರ ಕಾದರೆ ತಾನಾಗಿ ಬರುತ್ತದೆ. ಅಷ್ಟರಲ್ಲಿ ಮರಿಗಳು ಗೂಡು ಬಿಟ್ಟು ಪಕ್ಕದ ಕೊಂಬೆಗೆ ಬಂದಿರುತ್ತವೆ. ಆಗಲೂ ಹಲವು ದಿನ ಅಪ್ಪ ಅಮ್ಮನೇ ಉಣಿಸಬೇಕು. ರೆಕ್ಕೆ ನಡುಗಿಸುತ್ತ, ಬಾಯಿ ಕಳೆದು ಗಲಾಟೆ ಮಾಡುವ ಮರಿಯನ್ನು ಅಡುಗೆಮನೆಯ ಕಿಟಕಿಯಿಂದಲೇ ತೆಗೆಯಬಹುದು. ಕಿಟಕಿಯೊಳಗಿನ ದೀಪ ಆರಿಸಿರಲಿ.

ಪ್ರಶ್ನೆ: ಸಂತೆಯಲ್ಲಿ ಹೂ ಕಟ್ಟುತ್ತಿದ್ದ ಅಜ್ಜಿಯ ಫೋಟೋ ತೆಗೆದೆ. ಬೈದರು, ಅಳಿಸಿದೆ. ಕೇಳಿ ತೆಗೆದರೆ ಎಲ್ಲರೂ ಪಾಸ್‌ಪೋರ್ಟ್ ಫೋಟೋದಂತೆ ನೆಟ್ಟಗೆ ನಿಲ್ಲುತ್ತಾರೆ. ಸಹಜತೆ ಎಲ್ಲಿಂದ ತರುವುದು?
– ಗೃಹಿಣಿ, ದಾವಣಗೆರೆ

ಉತ್ತರ: ಅಳಿಸಿದಿರಲ್ಲ, ಅದು ಸರಿ. ಮುಂದಿನ ವಾರ ಎರಡು ಮೊಳ ಸೇವಂತಿಗೆ ಕೊಂಡು, ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ಆಮೇಲೆ ಕೇಳಿ. ನೆಟ್ಟಗೆ ಕೂತರೆ ಕೂರಲಿ. ಮೊದಲ ಚಿತ್ರ ಅವರದು. ತಾವು ಹೇಗೆ ಕಾಣಬೇಕೆಂದು ಅವರಿಗೂ ಒಂದು ಆಸೆ ಇರುತ್ತದೆ. ಕ್ಯಾಮೆರಾ ಕೆಳಗಿಳಿಸಿ, ಎದ್ದು ಹೋಗಬೇಡಿ. ಗಿರಾಕಿ ಬರುತ್ತಾರೆ, ಚೌಕಾಸಿ ಏರುತ್ತದೆ, ನೀವು ಮರೆತುಹೋಗುತ್ತೀರಿ. ನಿಮ್ಮ ಚಿತ್ರ ಆಗ. ಮೊದಲನೆಯದರ ಪ್ರಿಂಟ್ ಹಾಕಿಸಿ ಮತ್ತೊಂದು ವಾರ ಕೊಟ್ಟು ಬನ್ನಿ. ಅಲ್ಲಿಂದಾಚೆಗೆ ಆ ಸಾಲಿನ ಅಷ್ಟೂ ಮಂದಿ ನಿಮ್ಮವರೇ.

ಮೈಸೂರಿನ ಟಿ.ಎಸ್. ಸತ್ಯನ್ (1923–2009) ಅವರ ಚಿತ್ರಗಳನ್ನು ಹುಡುಕಿ ನೋಡಿ. ಹೆಚ್ಚಿನವು ಕಪ್ಪುಬಿಳುಪು, ಹೆಚ್ಚಿನವರು ನಮ್ಮ ನಿಮ್ಮಂಥವರು. 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಯುನಿಸೆಫ್ ಅವರ ಮಕ್ಕಳ ಚಿತ್ರಗಳನ್ನು ವಿಶ್ವಸಂಸ್ಥೆಯ ಕೇಂದ್ರ ಕಚೇರಿಯಲ್ಲಿ ಪ್ರದರ್ಶಿಸಿತು. ಅವುಗಳಲ್ಲಿ ಕದ್ದು ತೆಗೆದ ಭಾವ ಇಲ್ಲ. ಮಗುವಿಗೆ ಕ್ಯಾಮೆರಾ ಕಂಡಿರಬಹುದು, ಆದರೂ ಅದು ತನ್ನ ಆಟ ಬಿಟ್ಟಿಲ್ಲ.

ಸಂತೆಯ ಬಗ್ಗೆ ಒಂದು ಕಿವಿಮಾತು: ನೀಲಿ ಟಾರ್ಪಾಲಿನ ಕೆಳಗೆ ಎಂಥ ಮುಖವೂ ಕಾಯಿಲೆ ಬಿದ್ದಂತೆ ಕಾಣುತ್ತದೆ. ನೆರಳು ಮುಗಿದು ಬಿಸಿಲು ಶುರುವಾಗುವ ಅಂಚಿನಲ್ಲಿ ಕೂತವರನ್ನು ಹುಡುಕಿ.

ಪ್ರಶ್ನೆ: ಮಳೆಗಾಲ ಮುಗಿಯುವಷ್ಟರಲ್ಲಿ ಲೆನ್ಸಿನೊಳಗೆ ಜೇಡರಬಲೆಯಂಥ ಎಳೆಗಳು. ಒರೆಸಿದರೆ ಹೋಗುತ್ತಿಲ್ಲ.
– ಕಾಫಿ ಬೆಳೆಗಾರ, ಮಡಿಕೇರಿ

ಉತ್ತರ: ಬೂಷ್ಟು. ಎಳೆಗಳು ಒಳಗಡೆ ಇರುವುದರಿಂದ ಬಿಚ್ಚಿ ತೊಳೆಯುವವರಿಗೇ ಕೊಡಬೇಕು. ತಡ ಮಾಡಿದರೆ ಗಾಜಿನ ಲೇಪವನ್ನೇ ತಿನ್ನುತ್ತದೆ. ಚರ್ಮದ ಚೀಲದಲ್ಲಿಟ್ಟು ಬೀರುವಿಗೆ ಹಾಕಿದ್ದಿರಾ? ಇನ್ನು ಮೇಲೆ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಸಿಲಿಕಾ ಜೆಲ್, ತೇವ ತೋರಿಸುವ ಪುಟ್ಟ ಮಾಪಕ. ಅದರ ಮುಳ್ಳು 40ರಿಂದ 50ರ ನಡುವೆ ಇದ್ದರೆ ಸಾಕು. ಎಲ್ಲಕ್ಕಿಂತ ಒಳ್ಳೆಯ ಔಷಧ, ಲೆನ್ಸನ್ನು ಆಗಾಗ ಹೊರತೆಗೆದು ಬಳಸುವುದು.

ಪ್ರಶ್ನೆ: ಮನೆಯೆದುರಿನ ಹೊಂಗೆ ಮರವನ್ನು ವರ್ಷವಿಡೀ ತಾರಸಿಯಿಂದ ಮೊಬೈಲಿನಲ್ಲಿ ತೆಗೆದಿದ್ದೇನೆ. ಮಕ್ಕಳು ನಗುತ್ತಾರೆ. ಹನ್ನೆರಡನ್ನು ಕಳಿಸಿದ್ದೇನೆ. ಏನಾದರೂ ಪ್ರಯೋಜನ ಉಂಟೇ?
– ನಿವೃತ್ತ ಶಿಕ್ಷಕಿ, ಹಾಸನ

ಉತ್ತರ: ನಗಲಿ ಬಿಡಿ. ಬಂಡೀಪುರದ ಹುಲಿಯ ಚಿತ್ರಗಳ ರಾಶಿ ನನ್ನ ಮೇಜಿನ ಮೇಲಿತ್ತು, ನಿಮ್ಮ ಲಕೋಟೆ ಒಡೆದ ಮೇಲೆ ಅದನ್ನು ಪಕ್ಕಕ್ಕಿಟ್ಟೆ. ಎಲೆಯುದುರಿದ ಬೋಳು ಕೊಂಬೆ, ಯುಗಾದಿ ಹೊತ್ತಿನ ಎಣ್ಣೆ ಹಚ್ಚಿದಂಥ ಚಿಗುರು, ಆಮೇಲೆ ನೆಲದ ತುಂಬ ಮಂಡಕ್ಕಿ ಚೆಲ್ಲಿದಂತೆ ಉದುರಿದ ಹೂ. ದಿನಾಂಕ ಬರೆದಿದ್ದೀರಿ, ಅದೇ ಇದರ ಜೀವ. ಮರಗಳ ಚಿಗುರು, ಹೂ, ಕಾಯಿಯ ಕಾಲವನ್ನು ಜನಸಾಮಾನ್ಯರಿಂದಲೇ ಸಂಗ್ರಹಿಸುವ ಸೀಸನ್‌ವಾಚ್ ಎಂಬ ಯೋಜನೆಯಿದೆ, ವಾರಕ್ಕೊಮ್ಮೆ ನೋಡಿ ಬರೆದರಾಯಿತು. ಅಲ್ಲಿಗೆ ನಿಮ್ಮ ಹೊಂಗೆಯನ್ನು ಸೇರಿಸಿ. ತಾರಸಿಯ ಗೋಡೆಗೆ ಬಣ್ಣದಲ್ಲೊಂದು ಗುರುತು ಹಾಕಿಕೊಳ್ಳಿ, ಪ್ರತಿ ಸಲ ಮೊಬೈಲ್ ಅಲ್ಲೇ ಒರಗಿರಲಿ. ಜೂಮ್ ಮುಟ್ಟಬೇಡಿ.

ಅಂದಹಾಗೆ, ಬೋಳು ಮರದ ಚಿತ್ರದಲ್ಲಿ ಬಲಗಡೆಯ ಕವೆಯನ್ನು ದೊಡ್ಡದು ಮಾಡಿ ನೋಡಿ. ಕಡ್ಡಿಗಳ ಒಂದು ರಾಶಿಯಿದೆ, ಕಾಗೆಯ ಹಳೆಯ ಗೂಡಿರಬೇಕು. ಉಳಿದ ಹನ್ನೊಂದರಲ್ಲಿ ಎಲೆ ಅದನ್ನು ಮುಚ್ಚಿಬಿಟ್ಟಿದೆ. ನಿಮ್ಮ ಪತ್ರದಲ್ಲಿ ಕಾಗೆಯ ಸುದ್ದಿಯೇ ಇಲ್ಲ.